ನೋಡದೆ ಬರೆದ ಸಂಖ್ಯೆ

ಕಾಲೇಜಿನ ಲ್ಯಾಬಿನಲ್ಲಿ ಈರುಳ್ಳಿ ಬೇರಿನ ಕ್ರೋಮೋಸೋಮು ಎಣಿಸಿದವರಿಗೆ ಆ ಪಾಡು ಗೊತ್ತಿರುತ್ತೆ. ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಸ್ಪಿರಿಟ್ ದೀಪದ ಮೇಲೆ ಸ್ವಲ್ಪ ಬಿಸಿ ತೋರಿಸಿ, ಕವರ್‌ಸ್ಲಿಪ್ಪಿನ ಮೇಲೆ ಹೆಬ್ಬೆರಳಿಂದ ಒತ್ತಬೇಕು. ನನಗೆ ಒಮ್ಮೆ 14 ಕಂಡವು, ಇನ್ನೊಮ್ಮೆ 15. ಪುಸ್ತಕದಲ್ಲಿ 16 ಅಂತಿತ್ತು. ರೆಕಾರ್ಡಿನಲ್ಲಿ 16 ಅಂತ ಬರೆದೆ, ಮೇಷ್ಟ್ರು ರೈಟ್ ಹಾಕಿದರು. ಉತ್ತರ ಸರಿ. ಆದರೆ ನಾನು ಬರೆದದ್ದು ಸುಳ್ಳು.

ಇದು ನೆನಪಾದದ್ದು ಮೊನ್ನೆ ‘ಕ್ರೋಮೋಸೋಮ್ ಕೌಂಟ್ಸ್ ಡೇಟಾಬೇಸ್’ ನೋಡ್ತಾ ಕೂತಾಗ. ಟೆಲ್ ಅವಿವ್ ವಿಶ್ವವಿದ್ಯಾಲಯದ ತಂಡವೊಂದು 2015ರಲ್ಲಿ ಎಲ್ಲರಿಗೂ ಮುಕ್ತವಾಗಿ ತೆರೆದಿಟ್ಟ ಸಂಗ್ರಹ ಇದು. ಹಳೆಯ ಸೂಚಿಗಳಲ್ಲಿ, ಪತ್ರಿಕೆಗಳಲ್ಲಿ ಚದುರಿಹೋಗಿದ್ದ ಸಸ್ಯಗಳ ಎಣಿಕೆಗಳನ್ನು ಒಂದೆಡೆ ತಂದಿದ್ದಾರೆ. ಅಲ್ಲಿ ಎಷ್ಟೋ ಗಿಡಗಳ ಮುಂದೆ ಒಂದಕ್ಕೊಂದು ತಾಳೆಯಾಗದ ಹಲವು ಸಂಖ್ಯೆಗಳಿವೆ. ಮೊದಲು ನನಗೆ ಕಿರಿಕಿರಿಯೇ ಆಯ್ತು. ತಪ್ಪನ್ನ ಅಳಿಸಿ ಸರಿಯಾದದ್ದನ್ನ ಮಾತ್ರ ಇಡಬಾರದಾ?

ಗಣಪತಿಗೆ ಏರಿಸೋ ಗರಿಕೆಯನ್ನೇ ತಗೊಳ್ಳಿ. ಅದರಲ್ಲಿ 18 ಕ್ರೋಮೋಸೋಮು ಇರುವುದೂ ಉಂಟು, 36 ಇರುವುದೂ ಉಂಟು. ಇಬ್ಬರು ಎಣಿಸಿ ಬೇರೆ ಬೇರೆ ಹೇಳಿದರೆ ಇಬ್ಬರೂ ಸರಿ ಇರಬಹುದು. ಒಬ್ಬರದ್ದನ್ನ ಅಳಿಸಿದರೆ ಕಸದ ಜೊತೆ ಸತ್ಯವೂ ಗುಡಿಸಿಹೋಯ್ತು.

ಹಾಗಂತ ಬಂದದ್ದನ್ನೆಲ್ಲ ತುಂಬೋದಲ್ಲ ಈ ಕೆಲಸ. ಪರಾಗ ಹುಟ್ಟೋ ಕೋಶಗಳಲ್ಲಿ ಎಣಿಸಿದವರು ಅರ್ಧ ಲೆಕ್ಕ ಕೊಟ್ಟಿರುತ್ತಾರೆ, ಬೇರಿನಲ್ಲಿ ಎಣಿಸಿದವರು ಪೂರ್ತಿ ಲೆಕ್ಕ. ಎರಡೂ ಅದಲುಬದಲಾದರೆ ಮುಗಿಯಿತು. ಗಿಡದ ಶಾಸ್ತ್ರೀಯ ಹೆಸರೇ ಬದಲಾಗಿರುತ್ತೆ. ಹಳೇ ಹೆಸರಿನ ಎಣಿಕೆಯನ್ನ ಹೊಸ ಹೆಸರಿಗೆ ಸೇರಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ, ಪ್ರತಿ ಸಂಖ್ಯೆ ಎಲ್ಲಿಂದ ಬಂತು ಅನ್ನೋದು ಅದರ ಪಕ್ಕದಲ್ಲೇ ಉಳಿಯಬೇಕು. ಆ ಗುರುತಿದ್ದರೆ ತಪ್ಪನ್ನೂ ಮುಂದೆ ಯಾರಾದರೂ ಹಿಡಿಯಬಹುದು.

ಆದರೆ ನನ್ನಂಥವನ 16ನ್ನು ಹಿಡಿಯೋದು ಹೇಗೆ? ಅದು ನೋಡೋಕೆ ಇನ್ನೊಂದು ಸಾಕ್ಷಿಯ ಹಾಗಿದೆ. ನಿಜಕ್ಕೂ ಅದು ಮೊದಲನೆಯ ಸಾಕ್ಷಿಯ ಪ್ರತಿಧ್ವನಿ. ಮನುಷ್ಯನ ವಿಷಯದಲ್ಲಿ ಇದು ನಡೆದೇ ಹೋಗಿದೆ. 1923ರಲ್ಲಿ ಪೇಂಟರ್ ಅನ್ನೋ ವಿಜ್ಞಾನಿ ನಮ್ಮ ಕ್ರೋಮೋಸೋಮುಗಳು 48 ಎಂದರು. 1956ರಲ್ಲಿ ತ್ಜಿಯೋ ಮತ್ತು ಲೆವಾನ್ 46 ಎಂದು ತೋರಿಸುವ ತನಕ ಜಗತ್ತು 48 ಅಂತಲೇ ಓದಿತು. ಪೇಂಟರ್ ಕಷ್ಟದ ಸ್ಲೈಡಿನಲ್ಲಿ ಕಂಡದ್ದನ್ನ ಹೇಳಿದ್ದರು. ಅದು ಪ್ರಾಮಾಣಿಕ ತಪ್ಪು. ಆಮೇಲಿನವರ ಕಣ್ಣನ್ನ ಕಟ್ಟಿದ್ದು ಪುಸ್ತಕದಲ್ಲಿದ್ದ ಸಂಖ್ಯೆ.

ಕಂಡದ್ದನ್ನ ಬರೆದು ತಪ್ಪಿದವನಿಗಿಂತ, ಕಾಣದ್ದನ್ನ ಬರೆದು ಸರಿಯಾದವನೇ ಹೆಚ್ಚು ಹಾಳು ಮಾಡ್ತಾನೆ ಅಂತ ಈಗ ಅನ್ನಿಸುತ್ತೆ. ಮೊದಲನೆಯವನನ್ನ ಇನ್ನೊಬ್ಬ ತಿದ್ದಬಹುದು. ಎರಡನೆಯವನನ್ನ ತಿದ್ದೋಕೆ ಯಾರಿಗೂ ಕಾರಣವೇ ಸಿಗಲ್ಲ.

ನನ್ನ ರೆಕಾರ್ಡ್ ಬುಕ್ಕು ರದ್ದಿಗೆ ಹೋಗಿ ಯಾವುದೋ ಕಾಲವಾಯ್ತು. ಅದು ಯಾವ ಸಂಗ್ರಹಕ್ಕೂ ಸೇರಿಲ್ಲ, ಅಷ್ಟು ಪುಣ್ಯ. ಇವತ್ತು ಬರೆಯೋದಾದರೆ ಹೀಗೆ ಬರೀತೀನಿ: ಪುಸ್ತಕದಲ್ಲಿ 16, ನನಗೆ ಕಂಡದ್ದು 15. ಮೇಷ್ಟ್ರು ತಪ್ಪು ಹಾಕಲಿ ಬಿಡಿ.