ಬಿಡಿಭಾಗ ಬದಲಾದರೂ ಕಾರು ಅದೇನೇ?

ಹಳೆಯ ಕಾರಿನ ಸೀಟು ಹಿಂದೆ ಮುಂದೆ ಸರಿಯುವುದು ಒಂದರೊಳಗೊಂದು ಕೂತ ಉಕ್ಕಿನ ಚಾನಲ್‌ಗಳ ಹಳಿಯ ಮೇಲೆ. ನೆಲಹಾಸಿನಡಿ ನಿಂತ ನೀರು, ವರ್ಷಗಟ್ಟಲೆಯ ದೂಳು, ಮೇಣದಂತೆ ಗಟ್ಟಿಯಾದ ಗ್ರೀಸು ಸೇರಿ ಅದು ಜಾಮ್ ಆಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಚಾನಲ್‌ಗಳ ನಡುವಿನ ಸಂದೆಲ್ಲ ತುಂಬಿಹೋಗುತ್ತದೆ. ಆಗ ಹಳಿಯನ್ನು ಬಿಡಿಸಬೇಕು, ಇಲ್ಲವೇ ಹೊಸದು ಹಾಕಿಸಬೇಕು. ಹೊಸದು ಹಾಕಿಸುವುದು ಸುಲಭ. ಆದರೆ ಹೀಗೆ ಒಂದೊಂದೇ ಭಾಗ ಬದಲಾಗುತ್ತ ಹೋದರೆ ಕೊನೆಗೆ ಉಳಿಯುವುದು ಅದೇ ಕಾರೇ?

ಬೌದ್ಧ ಗ್ರಂಥ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ, ರಥವೇರಿ ಬಂದ ಅರಸ ಮಿಲಿಂದನನ್ನು ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ, ಭಾಗಗಳು ಕೂಡಿದಾಗ ಬಳಕೆಗೆ ಬರುವ ಹೆಸರಷ್ಟೇ ರಥ. ‘ನಾನು’ ಎಂಬ ಭ್ರಮೆ ಕಳೆಯಲು ಈ ಉತ್ತರ ಸಾಕು. ಏನನ್ನು ಉಳಿಸಿಕೊಳ್ಳಬೇಕು ಎಂದು ಕೇಳುವವನಿಗೆ ಸಾಲದು.

ಜೈನ ದರ್ಶನ ಇನ್ನಷ್ಟು ಹತ್ತಿರ ಬರುತ್ತದೆ. ಇರುವ ಪ್ರತಿಯೊಂದರಲ್ಲೂ ಹುಟ್ಟು, ಅಳಿವು, ಸ್ಥಿರತೆ ಮೂರೂ ಒಟ್ಟಿಗಿವೆ ಎನ್ನುತ್ತದೆ ‘ತತ್ತ್ವಾರ್ಥಸೂತ್ರ’. ‘ಆಪ್ತಮೀಮಾಂಸೆ’ಯಲ್ಲಿ ಸಮಂತಭದ್ರಾಚಾರ್ಯರು ಕೊಡುವ ನಿದರ್ಶನ ಬಹಳ ಸೊಗಸಾದದ್ದು. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮೂವರ ಭಾವಕ್ಕೂ ವಸ್ತುವಿನಲ್ಲೇ ಕಾರಣವಿದೆ. ಕಾರಿನ ವಿಷಯದಲ್ಲಿ ಇದು ತಿರುಗುಮುರುಗು: ಲೋಹ ಹೋಗುತ್ತದೆ, ರೂಪ ನಿಲ್ಲುತ್ತದೆ. ಹಾಗಾದರೆ ಇಲ್ಲಿ ಸ್ಥಿರವಾದದ್ದು ಯಾವುದು?

1990ರಲ್ಲಿ ಲಂಡನ್ನಿನ ಹೈಕೋರ್ಟಿಗೆ ಇದೇ ಪ್ರಶ್ನೆ ಬಂತು. 1929 ಮತ್ತು 1930ರ ಲ ಮಾನ್ಸ್ ರೇಸ್ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರಿನ ಮಾರಾಟದಲ್ಲಿ ತಕರಾರು ಎದ್ದಿತ್ತು. ರೇಸ್ ಗೆದ್ದ ದಿನಗಳ ಲೋಹ ಅದರಲ್ಲಿ ಉಳಿದಿದ್ದುದು ತೀರ ಅಲ್ಪ. ಅದು ‘ಒರಿಜಿನಲ್’ ಅಲ್ಲ, ಆದರೂ ಅದೇ ಕಾರು ಎಂದು ನ್ಯಾಯಮೂರ್ತಿ ಆಟನ್ ತೀರ್ಪಿತ್ತರು. ಅದರ ಇತಿಹಾಸದ ಎಳೆ ಎಲ್ಲೂ ಕಡಿದಿರಲಿಲ್ಲ.

ಈ ನಿಲುವೇ ಸರಿ. ಹಾಗೆಂದು ಹಳೆಯ ಹಳಿಯನ್ನು ಬಿಡಿಸುವ ಶ್ರಮ ವ್ಯರ್ಥವಲ್ಲ. ಹಳಿಯೊಳಗಿನ ಉಕ್ಕಿನ ಗುಂಡುಗಳು ಉರುಳಿ ಉರುಳಿ ಚಾನಲ್ಲಿನಲ್ಲಿ ಮೂಡಿಸಿದ ಸವೆತ ಆ ಇತಿಹಾಸದ ಸಾಕ್ಷಿ. ಹೊಸ ಹಳಿಯಲ್ಲಿ ಅದು ಸಿಗದು. ತುಕ್ಕಿನೊಳಗೆ ಇಳಿಯುವ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಬೇಕು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಕಬ್ಬಿಣದ ಸುತ್ತಿಗೆಯಿಂದ ಬಡಿದರೆ ಚಾನಲ್ಲಿನ ಅಂಚು ಬಾಗುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ, ಗಾಳಿಯಾಡುವ ಕಡೆ ವಾಷಿಂಗ್ ಸೋಡಾ ಕಲಸಿದ ನೀರಿನಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿಯನ್ನು ಹಳಿಗೂ ಪಾಸಿಟಿವ್ ತಂತಿಯನ್ನು ಗುಜರಿ ಕಬ್ಬಿಣಕ್ಕೂ ಕೊಡಬೇಕು. ತುಕ್ಕು ಸಡಿಲವಾಗುತ್ತದೆ, ಒಳ್ಳೆಯ ಲೋಹ ಹಾಗೇ ಇರುತ್ತದೆ. ಆಮ್ಲವಾದರೆ ಎರಡನ್ನೂ ತಿನ್ನುತ್ತದೆ.

ಸೀಟನ್ನು ಹಿಡಿದಿಡುವ ಲಾಕಿನ ಹಲ್ಲು ಸವೆದು ಹಿಡಿತ ತಪ್ಪಿದ್ದರೆ ಮಾತ್ರ ಹಳಿ ಬದಲಿಸಲೇಬೇಕು; ಬ್ರೇಕ್ ಒತ್ತಿದಾಗ ಸೀಟು ಜಾರಿದರೆ ಜೀವಕ್ಕೇ ಅಪಾಯ. ಹಾಗೆ ಬದಲಿಸಿದಾಗ ದಿನಾಂಕ ಸಮೇತ ಕಾರಿನ ದಾಖಲೆಯಲ್ಲಿ ಬರೆದು, ತೆಗೆದ ಹಳಿಗೆ ಚೀಟಿ ಕಟ್ಟಿ ಎತ್ತಿಡುವುದು ಸರಿಯಾದ ಕ್ರಮ.