ಹತ್ತನೆಯವನನ್ನು ಎಣಿಸುವ ಯಂತ್ರ

ಕೈಯಲ್ಲಿ ಹೊಸ ಫೋನಿರುವಾಗ ನಲವತ್ತು ವರ್ಷ ಹಳೆಯ ಮನೆಬಳಕೆಯ ಕಂಪ್ಯೂಟರಿಗೆ ಸ್ವಂತವಾಗಿ ಪ್ರೋಗ್ರಾಮ್ ಬರೆದು ಓಡಿಸುವವರನ್ನು ಕಂಡರೆ ಹಳೆಯದರ ಮೋಹ ಎನ್ನುವುದು ಸುಲಭ. ಮೋಹ ಇಲ್ಲವೆಂದಲ್ಲ. ಆದರೆ ಆ ಕೆಲಸದೊಳಗೆ ಅರಿವಿನ ಪ್ರಶ್ನೆಯೊಂದಿದೆ: ಕೇಳಿ ತಿಳಿದದ್ದಕ್ಕೂ ಕಂಡು ತಿಳಿದದ್ದಕ್ಕೂ ಏನು ಅಂತರ? ಅದನ್ನು ಬಿಡಿಸುವ ದಾರಿ ಹಂಪಿಯಲ್ಲಿ ಸಿಗುತ್ತದೆ. ವಿರೂಪಾಕ್ಷ ಗುಡಿಯ ಬಳಿ ಯಾರ ಹೆಸರಿನ ಮಠವಿದೆಯೋ ಆ ವಿದ್ಯಾರಣ್ಯರು ‘ಪಂಚದಶಿ’ಯ ತೃಪ್ತಿದೀಪ ಪ್ರಕರಣದಲ್ಲಿ ಹೊಳೆ ದಾಟಿದ ಹತ್ತು ಜನರ ದೃಷ್ಟಾಂತ ಕೊಡುತ್ತಾರೆ. ಎಣಿಸುವವನು ತನ್ನನ್ನೇ ಬಿಟ್ಟು ಎಣಿಸಿ, ಒಬ್ಬ ಮುಳುಗಿಹೋದನೆಂದು ಅಳುತ್ತಾನೆ. ಹತ್ತನೆಯವನು ಇದ್ದಾನೆ ಎಂದು ಬಲ್ಲವನೊಬ್ಬ ಹೇಳಿದಾಗ ಹುಟ್ಟುವುದು ಪರೋಕ್ಷ ಜ್ಞಾನ. ಅವನು ತಾನೇ ಎಂದು ಕಂಡುಕೊಂಡದ್ದು ಅಪರೋಕ್ಷ ಜ್ಞಾನ. ಕಂಪ್ಯೂಟರಿನ ವಿಷಯದಲ್ಲಿ ನಮ್ಮಲ್ಲಿ ಬಹುಪಾಲು ಜನ ಮೊದಲನೆಯದರಲ್ಲೇ ನಿಂತಿದ್ದೇವೆ. ಎಲ್ಲವೂ ಸೊನ್ನೆ ಮತ್ತು ಒಂದು ಎಂದು ಕೇಳಿದ್ದೇವೆ, ಕಂಡಿಲ್ಲ.

1984ರಲ್ಲಿ ಕ್ಲಾಸ್ ಯೋಜನೆಯಡಿ ಭಾರತದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊವನ್ನು ನೋಡಿ. ಅದರ ಮೆಮೊರಿ 32 ಕಿಲೊಬೈಟ್. ಪರದೆಯ ಚಿತ್ರ ಸೂಕ್ಷ್ಮವಾಗಿರಬೇಕೆಂದರೆ ಅದರಲ್ಲಿ 20 ಕಿಲೊಬೈಟ್ ಪರದೆಗೇ ಹೋಗುತ್ತದೆ. ಇಂಥ ಇಕ್ಕಟ್ಟಿನಲ್ಲಿ 65 ಎಂಬ ಒಂದು ಬೈಟನ್ನು ಬರೆದಿಡಿ. ಪ್ರೋಗ್ರಾಮಿನಲ್ಲಿ ಲೆಕ್ಕ ಮಾಡುವ ಸಾಲಿಗೆ ಅದು ಅರವತ್ತೈದು. ಅಕ್ಷರ ಮೂಡಿಸುವ ಸಾಲಿಗೆ ಇಂಗ್ಲಿಷಿನ ‘ಎ’. ಎರಡು ಬಣ್ಣದ ಪರದೆಗೆ ಸೇರಿದ ಜಾಗದಲ್ಲಿದ್ದರೆ ಎಂಟು ಚುಕ್ಕಿಗಳಲ್ಲಿ ಎರಡನೆಯದೂ ಎಂಟನೆಯದೂ ಬೆಳಗುತ್ತವೆ. ಯಂತ್ರದ 6502 ಪ್ರೊಸೆಸರ್ ಎತ್ತಿಕೊಂಡರೆ ಅದೇ ಒಂದು ಆಜ್ಞೆ. ಬೈಟು ಇದ್ದಂತೆಯೇ ಇದೆ, ಬದಲಾದದ್ದು ನಾಮರೂಪ. ಕನ್ನಡದ ‘ಅ’ ಈ ಯಂತ್ರದಲ್ಲಿ ಇಲ್ಲವೇ ಇಲ್ಲ. ಬೇಕಾದವರು ಚುಕ್ಕಿ ಚುಕ್ಕಿ ಜೋಡಿಸಿ, ಎಂಟು ಸಂಖ್ಯೆಗಳಾಗಿ ಅದನ್ನು ಕೊಡಬೇಕು. ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಪಡೆದ ಕೆ.ಪಿ. ರಾವ್ ‘ಸೇಡಿಯಾಪು’ ಕನ್ನಡ ತಂತ್ರಾಂಶ ಬರೆದು ಉಚಿತವಾಗಿ ಹಂಚಿದ್ದೂ ಹೀಗೆ ಕೊಡುವ ಕೆಲಸವೇ. ಅಕ್ಷರವನ್ನು ಹೀಗೆ ಕೈಯಾರೆ ಮೂಡಿಸಿದವರಿಗೆ ಒಂದು ವಿಷಯ ತಪ್ಪದೆ ತಿಳಿಯುತ್ತದೆ: ಮೆಮೊರಿ, ಪರದೆ, ಪ್ರೊಸೆಸರ್ ಎಲ್ಲವನ್ನೂ ಎಣಿಸಿದರೂ ಅರ್ಥ ಅಲ್ಲೆಲ್ಲೂ ಸಿಗುವುದಿಲ್ಲ. ಅರ್ಥ ಕೊಟ್ಟವರು ಆ ಹತ್ತನೆಯವನಂತೆ ಎಣಿಕೆಯಿಂದ ಬಿಟ್ಟುಹೋಗಿದ್ದಾರೆ. ಯಂತ್ರವೇ ಮಾತಾಡುತ್ತಿದೆ, ಯೋಚಿಸುತ್ತಿದೆ ಎಂದು ಬೆರಗಾಗುವ ಈ ಕಾಲಕ್ಕೆ ಇದಕ್ಕಿಂತ ಬೇಕಾದ ಪಾಠ ನನಗೆ ಕಾಣುತ್ತಿಲ್ಲ.

ವೇದಾಂತಿ ಇಲ್ಲಿ ತಡೆಯಬಹುದು: ಯಂತ್ರವಾಗಲಿ ಬೈಟಾಗಲಿ ನೋಡಲ್ಪಡುವ ವಸ್ತು, ನೋಡುವವನಲ್ಲ, ಬೈಟು ಕೂಡ ವಿದ್ಯುತ್ತಿನ ಏರಿಳಿತಕ್ಕೆ ನಾವಿಟ್ಟ ಹೆಸರು. ಒಪ್ಪಲೇಬೇಕಾದ ಮಾತು. ಪ್ರೋಗ್ರಾಮ್ ಬರೆಯುವುದು ಆತ್ಮಜ್ಞಾನವೆಂದರೆ ಅದು ವಿದ್ಯಾರಣ್ಯರಿಗೆ ಮಾಡುವ ಅಪಚಾರ. ಆದರೆ ಕೇಳಿದ್ದಕ್ಕೂ ಕಂಡದ್ದಕ್ಕೂ ಎಷ್ಟು ದೂರ ಎಂಬುದು ಲೌಕಿಕದಲ್ಲೇ ಒಮ್ಮೆ ಅನುಭವಕ್ಕೆ ಬಾರದೆ, ವಿವೇಕ ಎಂಬ ಮಾತು ಬಾಯಿಪಾಠವಾಗಿಯೇ ಉಳಿಯುತ್ತದೆ.

ಇನ್ನೊಂದು ಆಕ್ಷೇಪ ಲೋಕಾನುಭವದ್ದು: ಒಳಗನ್ನು ಅರಿಯದೆಯೇ ಎಲ್ಲವನ್ನೂ ಬಳಸುತ್ತೇವಲ್ಲ, ನಷ್ಟವೇನು? ನಿತ್ಯದ ಬಳಕೆಗೆ ಏನೂ ಇಲ್ಲ. ಕೆಟ್ಟಾಗ ತಿಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಏಳು ದಶಕದ ಆ ಅಣೆಕಟ್ಟಿನ 33 ಗೇಟುಗಳನ್ನು ನಂಬಿದ್ದವರು ಲಕ್ಷಾಂತರ ರೈತರು. ಆದರೆ ಹರಿಯುವ ನೀರಿಗೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ ತಡೆಯಲು ಬೇಕಾದದ್ದು ಗೇಟುಗಳ ಒಳಹೊರಗು ಬಲ್ಲ ಕನ್ನಯ್ಯ ನಾಯ್ಡು ಅವರಂಥ ನಿವೃತ್ತರು. ಎಲ್ಲರೂ ಬಲ್ಲವರಾಗಬೇಕಿಲ್ಲ. ಯಾರೂ ಇಲ್ಲದಂತಾಗುವುದೇ ಭಯ.

ಕೊನೆಗೆ, ಹಳೆಯ ಯಂತ್ರವನ್ನು ಹೊಸದರಲ್ಲಿ ಅನುಕರಿಸುವ ಎಮ್ಯುಲೇಟರ್ ತಂತ್ರಾಂಶ ಇರುವಾಗ ಹಳೆಯ ಪೆಟ್ಟಿಗೆಯೇ ಏಕೆ? ಬೇಕಿಲ್ಲ, ಪೆಟ್ಟಿಗೆಗೆ ಪಾವಿತ್ರ್ಯವೇನೂ ಇಲ್ಲ. ಅಸಲು ಯಂತ್ರದಲ್ಲಿ ಬೇರೆಯವರು ಬರೆದ ಆಟವನ್ನು ಆಡುತ್ತಾ ಕೂತವನಿಗೆ ನಾನು ಹೇಳುವ ಅರಿವು ಬಾರದು. ಸಾಧಾರಣ ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ ಎಂಟು ಸಂಖ್ಯೆ ಬರೆದು ‘ಅ’ ಮೂಡಿಸಿದ ಕಂಪ್ಲಿಯ ಶಾಲಾ ಹುಡುಗಿಗೆ ಬಂದೀತು.