ಉದ್ಯೋಗದಲ್ಲಿ ಉತ್ಸಾಹ, ಶ್ರಾವಕಾಚಾರದಲ್ಲಿ ಪರಿಮಾಣ



ದಶಲಕ್ಷಣ ಪರ್ವದಲ್ಲಿ ಒಂದು ದಿನ ಆಕಿಂಚನ್ಯ ಧರ್ಮದ ಪ್ರವಚನ ಮುಗಿದ ಮೇಲೆ ವಯಸ್ಸಾದ ಶ್ರಾವಕರೊಬ್ಬರು ನನ್ನ ಬಳಿ ಬಂದು ಕುಳಿತರು. ಅವರ ಮಗ ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. "ಪಂಡಿತರೇ, ಹುಡುಗನಿಗೆ ಸಪ್ತವ್ಯಸನಗಳಲ್ಲಿ ಒಂದೂ ಇಲ್ಲ. ಹಗಲು ಕಂಪನಿಯ ಕೆಲಸ. ರಾತ್ರಿ ತನ್ನದೇ ಒಂದು ಪ್ರೋಗ್ರಾಂ ಬರೆಯುತ್ತಾನೆ. ಅದರಿಂದ ಹಣ ಬರುವುದಿಲ್ಲ, ಬರೀ ಸಂತೋಷ. ಮಲಗುವಾಗ ಎರಡು ಗಂಟೆ. ಮೊಮ್ಮಗಳು 'ಅಪ್ಪಾ' ಎಂದು ಮೂರು ಸಲ ಕರೆದರೆ ಒಮ್ಮೆ ತಲೆ ಎತ್ತುತ್ತಾನೆ. ಏನೆಂದು ಬೈಯಲಿ?" ಎಂದರು.

ಈ ಪ್ರಶ್ನೆ ಒಂದು ಮನೆಯದಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಆಡುವ ನಮ್ಮ ಮಕ್ಕಳಿಗೆ ಗಣಕಯಂತ್ರದ ಭಾಷೆ ಈಗ ನಾಲ್ಕನೆಯದು. ಆ ವಿದ್ಯೆಯನ್ನು ಹಳಿಯುವ ಅಧಿಕಾರ ನಮಗಿಲ್ಲ. ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಲೋಕಕ್ಕೆ ಕಲಿಸಿದವರೇ ಆದಿತೀರ್ಥಂಕರರು. ಬ್ರಾಹ್ಮಿಗೆ ಲಿಪಿಯನ್ನು, ಸುಂದರಿಗೆ ಅಂಕಗಳನ್ನು ಅವರು ಉಪದೇಶಿಸಿದರೆಂದು ಪುರಾಣ ಹೇಳುತ್ತದೆ. ಲಿಪಿ ಮತ್ತು ಅಂಕ ಕೂಡಿದರಲ್ಲವೇ ಪ್ರೋಗ್ರಾಂ ಆಗುವುದು? ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರೂ ನಮ್ಮವರೇ. ಆದುದರಿಂದ ದೋಷ ವಿದ್ಯೆಯದಲ್ಲ.

ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಿಂದ ಅಳೆಯದೆ ಮೂರ್ಛೆಯಿಂದ ಅಳೆಯುತ್ತದೆ. ಮನೆ, ಹೊಲ, ಬಂಗಾರಗಳಿಗೆ ಪರಿಮಾಣ ಹಾಕಿಕೊಂಡ ಶ್ರಾವಕನಿಗೂ, ಕಣ್ಣಿಗೆ ಕಾಣದ, ತೂಕವಿಲ್ಲದ ಒಂದು ಪ್ರೋಗ್ರಾಂ ಪರಿಗ್ರಹವಾಗಬಲ್ಲದು. "ನಾನು ತಪಸ್ವಿಯಂತೆ ಏಕಾಗ್ರನಾಗಿ ಕುಳಿತಿರುತ್ತೇನೆ" ಎಂದು ಯುವಕರು ವಾದಿಸುವುದುಂಟು. ಆದರೆ ಏಕಾಗ್ರತೆಯೆಲ್ಲವೂ ಧರ್ಮಧ್ಯಾನವಲ್ಲ. ಧ್ಯಾನಗಳು ನಾಲ್ಕು, ಅವುಗಳಲ್ಲಿ ಮೊದಲನೆಯದಾದ ಆರ್ತಧ್ಯಾನಕ್ಕೆ ಮತ್ತೆ ನಾಲ್ಕು ಭೇದಗಳು. ರಾತ್ರಿ ಲ್ಯಾಪ್‌ಟಾಪ್ ಕೆಟ್ಟರೆ ಆಗುವ ಚಡಪಡಿಕೆ ಇಷ್ಟವಿಯೋಗ. ಎಲ್ಲಿದೆಯೆಂದು ತಿಳಿಯದ ಒಂದು ತಪ್ಪು ಊಟದ ತಟ್ಟೆಯವರೆಗೂ ಬೆನ್ನಟ್ಟಿ ಬಂದರೆ ಅದು ಅನಿಷ್ಟಸಂಯೋಗ. ಬೆನ್ನುನೋವು, ಕಣ್ಣುರಿಗಳನ್ನೇ ನೆನೆಯುತ್ತಿರುವುದು ವೇದನೆ. ನಾಳೆ ಜಗತ್ತೆಲ್ಲ ಇದನ್ನು ಮೆಚ್ಚೀತು ಎಂಬ ಕನಸು ನಿದಾನ. ಒಂದೇ ರಾತ್ರಿಯಲ್ಲಿ ನಾಲ್ಕನ್ನೂ ಮುಗಿಸಿದವನು ಬೆಳಿಗ್ಗೆ ದಣಿದೇ ಏಳುತ್ತಾನೆ, ಆಶ್ಚರ್ಯವೇನು! ಇನ್ನೊಂದು ಮಾತು: ಉತ್ತಮ ಸಂಹನನವುಳ್ಳವರಿಗೂ ಒಂದೇ ವಿಷಯದಲ್ಲಿ ಚಿತ್ತ ನಿಲ್ಲುವುದು ಅಂತರ್ಮುಹೂರ್ತ ಮಾತ್ರ ಎನ್ನುತ್ತದೆ ಶಾಸ್ತ್ರ. ಮುಹೂರ್ತವೆಂದರೆ 48 ನಿಮಿಷ. ಹತ್ತು ಗಂಟೆ ಕದಲದೆ ಕುಳಿತೆನೆಂಬ ಹೆಮ್ಮೆಯನ್ನು ಈ ಅಳತೆಯ ಮುಂದಿಟ್ಟು ನೋಡಬೇಕು.

ಭರತ ಚಕ್ರವರ್ತಿಗೆ ಏಕಕಾಲದಲ್ಲಿ ಮೂರು ವಾರ್ತೆಗಳು ಬಂದವು: ತಂದೆ ವೃಷಭನಾಥರಿಗೆ ಕೇವಲಜ್ಞಾನ, ತನಗೆ ಪುತ್ರೋತ್ಸವ, ಆಯುಧಾಗಾರದಲ್ಲಿ ಚಕ್ರರತ್ನದ ಉದಯ. ಷಟ್ಖಂಡವನ್ನು ಗೆಲ್ಲಿಸಿಕೊಡುವ ಚಕ್ರ ಕಣ್ಣೆದುರು ಹೊಳೆಯುತ್ತಿರುವಾಗ ಅದನ್ನು ನೋಡಲು ಯಾರ ಕಾಲು ಓಡುವುದಿಲ್ಲ? ಭರತನು ಮೊದಲು ಸಮವಸರಣಕ್ಕೆ ನಡೆದನು. ಚಕ್ರವು ಎಲ್ಲಿಗೂ ಹೋಗಲಿಲ್ಲ. ಅವನು ಮರಳಿ ಬರುವವರೆಗೆ ಆಯುಧಾಗಾರದಲ್ಲಿಯೇ ಇತ್ತು.

ಈ ವಿದ್ಯೆಯ ಹಿರಿಯರಲ್ಲೊಬ್ಬರಾದ ಅಮೆರಿಕದ ಡೊನಾಲ್ಡ್ ನೂತ್ ಅವರು ಪ್ರೋಗ್ರಾಂ ರಚನೆಯ ಕಲೆಯನ್ನು ಕುರಿತ ತಮ್ಮ ಮಹಾಗ್ರಂಥದ ಮೊದಲ ಸಂಪುಟವನ್ನು 1968ರಲ್ಲಿ ಪ್ರಕಟಿಸಿದರು. ಬಳಿಕ ಪುಸ್ತಕಗಳನ್ನು ಅಂದವಾಗಿ ಅಚ್ಚಿಗೆ ಸಿದ್ಧಪಡಿಸುವ 'ಟೆಕ್' ಎಂಬ ಪ್ರೋಗ್ರಾಂಗೆ ಕೈಹಾಕಿದರು. ಬೇಗ ಮುಗಿಯುವುದೆಂದು ಎಣಿಸಿದ ಆ ಕೆಲಸ ಸುಮಾರು ಹತ್ತು ವರ್ಷಗಳನ್ನು ತೆಗೆದುಕೊಂಡಿತು. ಉತ್ಸಾಹದ ಲೆಕ್ಕ ತಪ್ಪುವುದು ದೊಡ್ಡವರಿಗೂ ತಪ್ಪಿದ್ದಲ್ಲ. ಅದೇ ನೂತ್ ಅವರು 1990ರ ಜನವರಿ 1ರಿಂದ ಇ-ಮೇಲ್ ಬಳಸುವುದನ್ನೇ ಬಿಟ್ಟರು. ಅವರು ಜೈನರಲ್ಲ, ಆದರೂ ತಮಗೆ ತಾವೇ ಗೆರೆ ಎಳೆದುಕೊಂಡ ಆ ರೀತಿ ನಮಗೆ ಅಪರಿಚಿತವಲ್ಲ.

ನಮ್ಮಲ್ಲಿ ಅದಕ್ಕೆ ದೇಶವ್ರತವೆಂದು ಹೆಸರು. ದಿಗ್ವ್ರತದ ಎಲ್ಲೆಯೊಳಗೇ, ಇಷ್ಟು ಕಾಲ ಇಷ್ಟೇ ಸ್ಥಳ ಎಂದು ಮತ್ತೆ ಸಂಕೋಚ ಮಾಡಿಕೊಳ್ಳುವುದು. ಆ ತಂದೆಗೆ ನಾನು, "ಬೈಯಬೇಡಿ, ಕರೆದುಕೊಂಡು ಬನ್ನಿ" ಎಂದೆ. ಮಗ ಬಂದನು. ಪ್ರೋಗ್ರಾಂ ಬಿಡೆಂದು ನಾನು ಹೇಳಲಿಲ್ಲ. ಸೂರ್ಯಾಸ್ತಕ್ಕೆ ಮೊದಲು ಊಟ ಸಾಧ್ಯವೇ ಎಂದು ಕೇಳಿದೆ. ಕಚೇರಿಯಿಂದ ಬರುವುದೇ ಎಂಟು ಗಂಟೆಗೆ ಎಂದನು. ಹಾಗಾದರೆ ರಜೆಯ ದಿನಗಳಲ್ಲಾದರೂ ಅನಸ್ತಮಿತ ಭೋಜನ, ಪ್ರತಿದಿನ ಒಂದು ಸಾಮಾಯಿಕ, ರಾತ್ರಿ ಹತ್ತರ ಮೇಲೆ ಯಂತ್ರ ಮುಚ್ಚುವುದು, ಇಷ್ಟನ್ನು ಮುಂದಿನ ಪರ್ವದವರೆಗೆ ನಿಯಮವಾಗಿ ಸ್ವೀಕರಿಸಿದನು. ಯಂತ್ರ ಮುಚ್ಚುವ ಮುನ್ನ ನಾಳೆ ಎಲ್ಲಿಂದ ಆರಂಭಿಸಬೇಕೆಂಬುದನ್ನು ಒಂದು ಸಾಲಿನಲ್ಲಿ ಬರೆದಿಟ್ಟರೆ ಮನಸ್ಸು ಅದನ್ನು ಹಾಸಿಗೆಗೆ ಹೊತ್ತೊಯ್ಯುವುದಿಲ್ಲ ಎಂಬುದು ಅವನೇ ಕಂಡುಕೊಂಡ ಉಪಾಯ.

ಮಹಾವೀರ ಜಯಂತಿಯಂದು ಮತ್ತೆ ಸಿಕ್ಕನು. "ಪಂಡಿತರೇ, ಸಾಮಾಯಿಕದಲ್ಲಿ ಅರ್ಧ ಹೊತ್ತು ಪ್ರೋಗ್ರಾಂ ಒಂದೇ ಕಾಣುತ್ತದೆ" ಎಂದು ಸಂಕೋಚದಿಂದ ಹೇಳಿದನು. ಅದಕ್ಕೆ ಮನೋದುಷ್ಪ್ರಣಿಧಾನವೆಂಬ ಅತಿಚಾರವೆನ್ನುತ್ತಾರೆ, ಅತಿಚಾರ ತಟ್ಟುವುದು ವ್ರತ ಹಿಡಿದವನಿಗೆ ಮಾತ್ರ ಎಂದೆ. ಅಷ್ಟರಲ್ಲಿ ಮಗಳು ಬಂದು ರಥದ ಹಗ್ಗ ಮುಟ್ಟಬೇಕೆಂದು ಅವನ ಕೈ ಜಗ್ಗಿದಳು. ಒಂದೇ ಸಲ ಕರೆದಳು. ಅವನು ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದನು.